ಮಡಕೆಗೆ ಗಾಜಿನ ಅಂಗಿ ತೊಡಿಸುವುದು, ಆಮೇಲೆ ಅದರ ಫೋಟೋ ತೆಗೆಯುವುದು

ಬೀದರಿನ ಮಹಮೂದ್ ಗಾವಾನ್ ಮದರಸಾ 1472ರದ್ದು. ಉಳಿದಿರುವ ಒಂದು ಮಿನಾರಿನ ಮೇಲೆ, ಮುಂದಿನ ಗೋಡೆಯ ಮೇಲೆ ಅಲ್ಲಲ್ಲಿ ಇವತ್ತಿಗೂ ನೀಲಿ, ಹಸಿರು, ಬಿಳಿ ಟೈಲ್ಸ್ ಕಾಣುತ್ತವೆ. ಎಷ್ಟೋ ಉದುರಿ ಹೋಗಿವೆ. ಆದರೆ ಉಳಿದವುಗಳ ಬಣ್ಣ 550 ಬೇಸಿಗೆ ಕಂಡರೂ ಮಾಸಿಲ್ಲ. ನಮ್ಮ ಮನೆಯ ಗೇಟಿಗೆ ಹೊಡೆಸಿದ ಬಣ್ಣ ಎರಡು ಬೇಸಿಗೆಗೆ ಪುಡಿಯಾಗುತ್ತದೆ. ವ್ಯತ್ಯಾಸ ಇಷ್ಟೇ: ಗೇಟಿನ ಮೇಲಿರುವುದು ಬಣ್ಣ, ಟೈಲ್ಸ್ ಮೇಲಿರುವುದು ಗಾಜು.

ಮಡಕೆಯ ಮೇಲೆ ಹಚ್ಚಿ ಸುಡುವ ಗ್ಲೇಜ್ ಅಂದರೆ ಗಾಜು. ಈ ಒಂದು ಮಾತು ತಲೆಯಲ್ಲಿ ಕೂತರೆ ಭಟ್ಟಿಯೊಳಗೆ ಆಗುವ ಅರ್ಧ ಎಡವಟ್ಟುಗಳಿಗೆ ಕಾರಣ ಸಿಗುತ್ತದೆ. ಫೋಟೋದಲ್ಲಿ ಟ್ಯೂಬ್‌ಲೈಟು ಬಿಳಿ ಗೆರೆಯಾಗಿ ಯಾಕೆ ಕೂರುತ್ತದೆ ಅನ್ನುವುದಕ್ಕೂ ಅದೇ ಉತ್ತರ.

ಗಾಜಿಗೆ ಬೇಕಾದದ್ದು ಸಿಲಿಕಾ, ಅಂದರೆ ಬಿಳಿ ಮರಳಿನ ನುಣ್ಣನೆ ಪುಡಿ. ಆದರೆ ಬರೀ ಸಿಲಿಕಾ ಕರಗಲು 1700 ಡಿಗ್ರಿ ಬೇಕು, ಅಷ್ಟರೊಳಗೆ ಮಡಕೆಯೇ ನೀರಾಗಿರುತ್ತದೆ. ಅದಕ್ಕೇ ಕರಗಿಸುವ ವಸ್ತು ಸೇರಿಸುತ್ತಾರೆ: ಫೆಲ್ಡ್‌ಸ್ಪಾರ್ ಅನ್ನುವ ಖನಿಜದ ಪುಡಿ, ಸುಣ್ಣದ ಕಲ್ಲಿನ ಪುಡಿ, ಬೋರಾಕ್ಸ್ ಇರುವ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು). ಕರಗಿದ ಗಾಜು ಗೋಡೆ ಮೇಲಿಂದ ಜಾರಿ ಹೋಗದಂತೆ ಹಿಡಿಯಲು ಅಲ್ಯುಮಿನಾ ಬೇಕು, ಅದು ಚೀನಾ ಕ್ಲೇ ಅನ್ನುವ ಬಿಳಿ ಜೇಡಿ ಮಣ್ಣಿನಿಂದ ಬರುತ್ತದೆ. 40 ಭಾಗ ಫೆಲ್ಡ್‌ಸ್ಪಾರ್, 30 ಸಿಲಿಕಾ, 20 ಸುಣ್ಣದ ಕಲ್ಲಿನ ಪುಡಿ, 10 ಚೀನಾ ಕ್ಲೇ ಅನ್ನುವುದು ಸ್ಟುಡಿಯೋ ಕುಂಬಾರರ ಹಳೆಯ ಲೆಕ್ಕ. ಅದು 1280 ಡಿಗ್ರಿಯ ಆಸುಪಾಸಿಗೆ ಕರಗುತ್ತದೆ. ನಮ್ಮ ಮನೆಯ ಚಿಕ್ಕ ಭಟ್ಟಿಗೆ ಅದು ಹೊಂದುವುದಿಲ್ಲ, ಆದರೆ ಯಾವುದು ಯಾಕೆ ಬೇಕು ಅಂತ ಕಲಿಯಲು ಒಳ್ಳೆಯದು. ಹೊಸಬರು ಸೀಸ ಇಲ್ಲದ ರೆಡಿಮೇಡ್ ಗ್ಲೇಜ್ ಪುಡಿ ತಂದು ಶುರು ಮಾಡಿ. ಉತ್ತರ ಪ್ರದೇಶದ ಖುರ್ಜಾದ ಕಡೆಯಿಂದ ಪಾರ್ಸೆಲ್ ತರಿಸಬಹುದು, ಹೈದರಾಬಾದಿಗೆ ಹೋದಾಗ ಹುಡುಕಿ ತರಬಹುದು. ನೋಡಿ ಕಲಿಯಬೇಕು ಅನ್ನುವವರಿಗೆ ನಮ್ಮ ರಾಜ್ಯದಲ್ಲೇ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ.

ಮೊದಲು ಮಣ್ಣಿನ ಲೆಕ್ಕ

ಕಲಬುರಗಿ, ಯಾದಗಿರಿ ಕಡೆ ಹೊಲದ ಕರಿ ಮಣ್ಣು ಕೈಗೆ ಹತ್ತಿದರೆ ಬಿಡುವುದಿಲ್ಲ. ಇಷ್ಟು ಜಿಗುಟು ಇದ್ದ ಮೇಲೆ ಮಡಕೆಗೆ ಒಳ್ಳೆಯದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಬೇಡ. ಅದು ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಮಣ್ಣು. ಮೇ ತಿಂಗಳಲ್ಲಿ ತೊಗರಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದಲ್ಲ, ನಿಮ್ಮ ಬೋಗುಣಿಯಲ್ಲೂ ಅದೇ ಆಗುತ್ತದೆ. ಊರ ಕುಂಬಾರರು ಕೆರೆಯ ಮಣ್ಣು ಹುಡುಕಿ, ಅದಕ್ಕೆ ಮರಳು, ಬೂದಿ ಬೆರೆಸುವುದು ಸುಮ್ನೆ ಅಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಶಹಾಬಾದಿನ ಫರ್ಸಿ ಕಲ್ಲು ಸುಣ್ಣದ ಕಲ್ಲಿನ ಜಾತಿ. ಈ ಭಾಗದ ಮಣ್ಣಿನಲ್ಲಿ ಸುಣ್ಣದ ಹರಳು ಸಿಗುವುದು ಸಾಮಾನ್ಯ. ಸುಟ್ಟಾಗ ಆ ಹರಳು ಸುಟ್ಟ ಸುಣ್ಣ ಆಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಂದು ದಿನ ಪಟ್ ಅಂತ ಮೇಲಿನ ಪದರ ಎಗರಿಸುತ್ತದೆ. ಗ್ಲೇಜ್ ಹಾಕಿ, ಫೋಟೋ ತೆಗೆದು, ಮಾರಿ ಆದ ಮೇಲೂ ಎಗರಬಹುದು. ನನ್ನದೊಂದು ಚಹಾ ಕಪ್ಪು ಹಾಗೆ ಮಳೆಗಾಲ ಶುರುವಾದ ವಾರದಲ್ಲಿ ಕಪಾಟಿನೊಳಗೇ ಚಕ್ಕೆ ಬಿಟ್ಟಿತ್ತು. ಚಕ್ಕೆ ಎದ್ದ ಕಡೆ ನೋಡಿದರೆ ಒಳಗೆ ಸಾಸಿವೆಯಷ್ಟು ಬಿಳಿ ಚುಕ್ಕೆ.

ಅದಕ್ಕೆ ಮಣ್ಣನ್ನು ನೀರಲ್ಲಿ ಕರಗಿಸಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಅನುಮಾನ ಇದ್ದರೆ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ ನೋಡಿ. ಬುಸ್ಸಂತ ನೊರೆ ಬಂದರೆ ಸುಣ್ಣ ಇದೆ. ಮೊದಲ ಸಲ ಸುಟ್ಟ ಪಾತ್ರೆಗಳನ್ನು ಎರಡು ವಾರ ಹಾಗೇ ಇಟ್ಟು ನೋಡಿ, ಎಗರುವ ಹರಳು ಇದ್ದರೆ ಹೆಚ್ಚಾಗಿ ಅಷ್ಟರಲ್ಲಿ ಎಗರಿ ತೋರಿಸುತ್ತದೆ.

ಮಣ್ಣು ಮತ್ತು ಗ್ಲೇಜ್ ಒಂದೇ ಬಿಸಿಯ ಜೋಡಿ ಆಗಿರಬೇಕು. ಊರ ಕೆಂಪು ಮಣ್ಣು ಹೆಚ್ಚಾಗಿ 1100 ಡಿಗ್ರಿ ದಾಟಿದರೆ ಮೆತ್ತಗಾಗಿ ಬಾಗುತ್ತದೆ, ಹಾಗಾಗಿ 1000ದಿಂದ 1060ರೊಳಗೆ ಕರಗುವ ಗ್ಲೇಜ್ ಕೇಳಿ ತನ್ನಿ. ಹೆಚ್ಚು ಬಿಸಿ ತಾಳುವ ಸ್ಟೋನ್‌ವೇರ್ ಮಣ್ಣು ಕೊಂಡು ತಂದಿದ್ದರೆ 1220ರ ಆಸುಪಾಸಿನದು. ಅದಲು ಬದಲಾದರೆ ಗ್ಲೇಜ್ ಕರಗದೆ ಸುಣ್ಣ ಬಳಿದ ಹಾಗೆ ಉಳಿಯುತ್ತದೆ, ಇಲ್ಲವೇ ಪಾತ್ರೆಯೇ ಕುಸಿಯುತ್ತದೆ.

ಇಲ್ಲೊಂದು ಮಾತು. ಕುಡಿಯುವ ನೀರಿನ ಗಡಿಗೆ, ಹರವಿಗೆ ಗ್ಲೇಜ್ ಹಾಕಬೇಡಿ. ನಾನು ಉತ್ಸಾಹದಲ್ಲಿ ಹೊರಟಿದ್ದೆ. ಕುಂಬಾರ ಓಣಿಯ ಹಿರಿಯಮ್ಮ ಒಬ್ಬರು ನೋಡಿ, "ತಮ್ಮಾ, ನೀರಿನ ಗಡಿಗಿಗೆ ಇದನ್ನ ಹಚ್ಚಬ್ಯಾಡ. ಗಡಿಗಿ ಬೆವತ್ರನೇ ನೀರು ತಣ್ಣಗ ಆಗ್ತಾವ" ಅಂದರು. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತಾ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಜು ಬಳಿದರೆ ರಂಧ್ರ ಮುಚ್ಚಿತು. 43 ಡಿಗ್ರಿ ಬಿಸಿಲಿನ ಊರಲ್ಲಿ ಅಂಥ ಗಡಿಗೆ ಚೆಂದಕ್ಕೆ ಮಾತ್ರ.

ಹಚ್ಚುವ ಮುಂಚೆ

ಮೊದಲ ಸುಡುವಿಕೆಗೆ ಬಿಸ್ಕ್ ಅನ್ನುತ್ತಾರೆ, 950ರಿಂದ 1000 ಡಿಗ್ರಿ. ಗಟ್ಟಿಯಾಗಬೇಕು, ಆದರೆ ನೀರು ಹೀರುವ ಗುಣ ಉಳಿಯಬೇಕು. ನಾಲಿಗೆ ತಾಗಿಸಿದರೆ ಅಂಟಿ ಎಳೆಯಬೇಕು, ಅದೇ ಪರೀಕ್ಷೆ.

ಭಾಲ್ಕಿಯ ಕುಂಬಾರ ಗುಂಡಯ್ಯ ಮಡಕೆ ಬಾರಿಸಿದ ಸದ್ದಿಗೆ ಶಿವನೇ ಕುಣಿದ ಅಂತ ಕಥೆ. ನಮಗೆ ಆ ಸದ್ದು ಬೇರೆ ಕೆಲಸಕ್ಕೆ ಬೇಕು. ಬಿಸ್ಕ್ ಆದ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಖಣ್ ಅಂದರೆ ಸರಿ. ಬದ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಕೂದಲೆಳೆ ಬಿರುಕಿದೆ, ಅದಕ್ಕೆ ಗ್ಲೇಜ್ ದಂಡ ಮಾಡಬೇಡಿ. ಗ್ಲೇಜ್ ಬಿರುಕನ್ನು ಮುಚ್ಚುವುದಿಲ್ಲ, ಜಾಸ್ತಿ ಅಗಲ ಮಾಡಿ ತೋರಿಸುತ್ತದೆ.

ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಿ. ಧೂಳು, ಎಣ್ಣೆ ಕೈ ಎರಡೂ ಶತ್ರು. ಊಟ ಮಾಡಿದ ಕೈಯಲ್ಲಿ ಮುಟ್ಟಿದ ಜಾಗದಲ್ಲಿ ಗ್ಲೇಜ್ ಹಿಂದೆ ಸರಿದು ಬೋಳು ತೇಪೆ ಬಿಡುತ್ತದೆ. ಮಾಳಿಗೆ ಮೇಲೆ ಬಿಸಿಲಲ್ಲಿ ಕಾದ ಪಾತ್ರೆಗೂ ಕೂಡಲೇ ಹಚ್ಚಬೇಡಿ, ನೆರಳಲ್ಲಿ ತಣಿಯಲಿ.

ತಳಕ್ಕೆ ಮೇಣ ಹಚ್ಚುವುದು ಮರೆಯಬಾರದು. ಮೇಣದ ಬತ್ತಿಯನ್ನು ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ತಳಕ್ಕೆ ಮತ್ತು ತಳದಿಂದ ಮೂರು ಮಿಲಿಮೀಟರ್ ಮೇಲಿನವರೆಗೆ ಕುಂಚದಿಂದ ಹಚ್ಚಿ. ಅಲ್ಲಿ ಗ್ಲೇಜ್ ಹಿಡಿಯುವುದಿಲ್ಲ. ಹಿಡಿದರೆ ಪಾತ್ರೆ ಭಟ್ಟಿಯ ತಟ್ಟೆಗೆ ಬೆಸೆದುಕೊಳ್ಳುತ್ತದೆ, ಆಮೇಲೆ ಉಳಿ ಸುತ್ತಿಗೆಯೇ ಗತಿ.

ಕಲಸುವುದು, ಅದ್ದುವುದು

ಪುಡಿ ಕಲಸುವಾಗ ಮಾಸ್ಕ್ ಹಾಕಿ, ಎನ್95 ತರಹದ್ದು. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಕಲ್ಲು ಗಣಿಯ ಕಾರ್ಮಿಕರಿಗೆ ಬರುವ ಸಿಲಿಕೋಸಿಸ್ ಇದರಿಂದಲೇ. ಕೆಲಸ ಮುಗಿದ ಮೇಲೆ ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಅರಿವೆಯಿಂದ ಒರೆಸಿ. ಅಡುಗೆ ಮನೆಯ ಪಾತ್ರೆ, ಮಿಕ್ಸರ್ ಈ ಕೆಲಸಕ್ಕೆ ಬಳಸಲೇಬೇಡಿ.

ನೀರಿನ ಮೇಲೆ ಪುಡಿ ಉದುರಿಸಿ, ಪುಡಿಯ ಮೇಲೆ ನೀರು ಸುರಿಯಬೇಡಿ. ಒಂದು ರಾತ್ರಿ ನೆನೆಯಲಿ. ಬೆಳಿಗ್ಗೆ 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಎರಡು ಸಲ ಸೋಸಿ. ಹದ ಗಟ್ಟಿ ಮಜ್ಜಿಗೆಯಷ್ಟಿರಲಿ, ಮೊಸರಿನಷ್ಟು ಬೇಡ. ಕಣ್ಣಳತೆ ನಂಬಲಾರದವರಿಗೆ ಲೆಕ್ಕ ಇದೆ: 100 ಮಿಲಿ ಅಳೆದು ತೂಕ ಹಾಕಿ, ಲೋಟದ ತೂಕ ಕಳೆದು 140ರಿಂದ 145 ಗ್ರಾಂ ಬಂದರೆ ಅದ್ದಲು ಸರಿ.

ಈ ತೂಕದ ಬುದ್ಧಿ ನನಗೆ ಬಂದಿದ್ದು ತಡವಾಗಿ. ನಮ್ಮ ಬೋರ್ ನೀರು ಗಡಸು. ಆ ನೀರಿನ ಸುಣ್ಣ, ಮೆಗ್ನೀಸಿಯಂ ಲವಣಗಳು ಗ್ಲೇಜಿನ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ನೀರು ಸಾಕಷ್ಟಿದ್ದರೂ ದಪ್ಪಗೆ ಕಾಣುತ್ತದೆ. ನಾನು ಮತ್ತೆ ನೀರು ಸುರಿದೆ. ಮತ್ತೆ ದಪ್ಪ, ಮತ್ತೆ ನೀರು. ಕೊನೆಗೆ ಹದ ಸರಿ ಕಂಡಿತು, ಆದರೆ ಒಳಗೆ ನೀರೇ ಜಾಸ್ತಿ. ಅದ್ದಿದ ಪದರ ಒಣಗುವಾಗ ಕುಗ್ಗಿ ಸಣ್ಣಗೆ ಬಿರಿಯಿತು, ಭಟ್ಟಿಯಲ್ಲಿ ಆ ಬಿರುಕುಗಳ ಅಂಚು ಸುರುಳಿ ಸುತ್ತಿ ದ್ವೀಪಗಳಾದವು. ಎರಡು ಡಜನ್ ಚಹಾ ಕಪ್ಪು ದಂಡ. ಈಗ ಗ್ಲೇಜಿಗೆ ಆರ್‌ಓ ನೀರು ಅಥವಾ ಮಳೆ ನೀರು ಮಾತ್ರ. ಉಲ್ಟಾ ತೊಂದರೆಯೂ ಇದೆ. ಕೆಲವು ಗ್ಲೇಜ್ ತಳಕ್ಕೆ ಕೂತು ಕಲ್ಲಾಗುತ್ತದೆ. ಅಂಥದ್ದಕ್ಕೆ ಒಂದು ಚಿಟಿಕೆ ಎಪ್ಸಮ್ ಉಪ್ಪು ಬೆಚ್ಚಗಿನ ನೀರಲ್ಲಿ ಕರಗಿಸಿ ಹಾಕಿದರೆ ತೇಲಿಕೊಂಡು ಇರುತ್ತದೆ. ಒಂದು ಕಡೆ ರೋಗ ಅನ್ನಿಸಿದ್ದೇ ಇನ್ನೊಂದು ಕಡೆ ಔಷಧಿ, ಪ್ರಮಾಣದ ಮಾತು ಅಷ್ಟೇ.

ಮೊದಲು ಒಳಗೆ ಸುರಿದು, ತಿರುಗಿಸಿ, ಚೆಲ್ಲಿ. ಆಮೇಲೆ ಹೊರಗೆ. ಬಾಯಿ ಕೆಳಗೆ ಮಾಡಿ ನೇರ ಅದ್ದಿ, ಎರಡು ಮೂರು ಎಣಿಸುವಷ್ಟರಲ್ಲಿ ಎತ್ತಿ. ಗೋಡೆ ತೆಳ್ಳಗಿದ್ದರೆ ಒಳಭಾಗ ಒಣಗುವವರೆಗೆ ಕಾಯಿರಿ, ಇಲ್ಲದಿದ್ದರೆ ಹೊರಗಿನದು ಹೀರದೆ ಜಾರುತ್ತದೆ. ಒಣಗಿದ ಮೇಲೆ ಸೂಜಿಯಿಂದ ಗೀರಿ ದಪ್ಪ ನೋಡಿ. ಲಗ್ನಪತ್ರಿಕೆಯ ಕಾರ್ಡಿನಷ್ಟು ಇರಲಿ. ಇಕ್ಕಳದ ಗುರುತು, ಬೆರಳ ಗುರುತಿಗೆ ಕುಂಚದಿಂದ ಒಂದು ಹನಿ ಇಟ್ಟು ತೀಡಿ. ಕೊನೆಗೆ ತಳ ಒರೆಸಿ. ಮೇಣದ ಮೇಲೆ ಕೂತ ಸಣ್ಣ ಹನಿಗಳು ಕಾಣದ ಹಾಗೆ ಇರುತ್ತವೆ, ಅವೇ ಅಂಟುವುದು.

ಬಣ್ಣದ ಬಗ್ಗೆ ಒಂದೆರಡು ಅಂಕಿ. ಕೋಬಾಲ್ಟ್ ಆಕ್ಸೈಡ್ ನೂರು ಗ್ರಾಂ ಗ್ಲೇಜ್ ಪುಡಿಗೆ ಅರ್ಧದಿಂದ ಒಂದು ಗ್ರಾಂ ಸಾಕು, ಗಾಢ ನೀಲಿ. ತಾಮ್ರ ಎರಡು ಮೂರು ಗ್ರಾಂ ಹಸಿರು. ಕಬ್ಬಿಣದ ಆಕ್ಸೈಡ್ ಎರಡಾದರೆ ಜೇನಿನ ಬಣ್ಣ, ಎಂಟು ಹತ್ತಾದರೆ ಕಪ್ಪಿಗೆ ತಿರುಗುವ ಕಂದು. ಕೆಂಪು ಮಣ್ಣಿನ ಮೇಲೆ ಪಾರದರ್ಶಕ ಗ್ಲೇಜ್ ಹಾಕಿದರೆ ಮಣ್ಣಿನ ಬಣ್ಣವೇ ಗಾಢವಾಗಿ, ಒದ್ದೆಯಾದ ಹಾಗೆ ಕಾಣುತ್ತದೆ. ನನಗೆ ಎಲ್ಲ ಬಣ್ಣಗಳಿಗಿಂತ ಅದೇ ಇಷ್ಟ. ಯಾವುದೇ ಆಗಲಿ, ಪಾತ್ರೆಗೆ ಹಾಕುವ ಮುಂಚೆ ಅದೇ ಮಣ್ಣಿನ ಪಟ್ಟಿಯ ಮೇಲೆ ಪರೀಕ್ಷೆ ಮಾಡಿ. ಪಟ್ಟಿ ನಿಲ್ಲುವಂತೆ ಮಾಡಿ, ಮಲಗಿಸಿದ ಪಟ್ಟಿಯಲ್ಲಿ ಗ್ಲೇಜ್ ಎಷ್ಟು ಹರಿಯುತ್ತದೆ ಗೊತ್ತಾಗುವುದಿಲ್ಲ. ಹಿಂದೆ ನಂಬರ್ ಬರೆಯಿರಿ, ನೋಟ್‌ಬುಕ್ಕಿನಲ್ಲೂ ಬರೆಯಿರಿ.

ಭಟ್ಟಿ

ಚಿಕ್ಕ ವಿದ್ಯುತ್ ಭಟ್ಟಿ ಇದ್ದರೂ ಅದಕ್ಕೆ ಬೇರೆ ಲೈನು, ಬೇರೆ ಎಂಸಿಬಿ ಬೇಕು. ಎಲೆಕ್ಟ್ರಿಷಿಯನ್ ಕರೆಸಿ ಮಾಡಿಸಿ. ತಟ್ಟೆಗಳಿಗೆ ಅಲ್ಯುಮಿನಾ ಮತ್ತು ಚೀನಾ ಕ್ಲೇ ಸಮ ಭಾಗ ನೀರಲ್ಲಿ ಕಲಸಿ ಬಳಿದಿಡಿ. ಬಿಸ್ಕಿನಲ್ಲಿ ಪಾತ್ರೆ ಮೇಲೆ ಪಾತ್ರೆ ಪೇರಿಸಬಹುದು, ಗ್ಲೇಜಿನಲ್ಲಿ ಒಂದಕ್ಕೊಂದು ತಾಗಲೇಬಾರದು. ಬೆರಳಷ್ಟು ಅಂತರ ಇಡಿ.

ಗಂಟೆಗೆ 100 ಡಿಗ್ರಿಯಂತೆ 600ರವರೆಗೆ, ಆಮೇಲೆ ಗಂಟೆಗೆ 150ರಂತೆ 1050ರವರೆಗೆ, ಅಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಆಫ್ ಮಾಡಿ. ಸುಮಾರು ಒಂಬತ್ತು ಗಂಟೆಯ ಕೆಲಸ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದೆ, ಆ ಸುತ್ತಮುತ್ತ ಅವಸರ ಮಾಡಿದರೆ ಬಿರುಕು. ಇಳಿಯುವಾಗಲೂ ಹಾಗೇ.

ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಓಣಿಯಲ್ಲಿದ್ದರೆ ರಾತ್ರಿ ಹತ್ತರ ನಂತರ ಶುರು ಮಾಡಿ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಕಾಯಿಲ್‌ನ ಶಾಖ ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. 900 ಡಿಗ್ರಿ ಮುಟ್ಟಿದ ಮೇಲೆ ಭಟ್ಟಿ ಹತ್ತುವುದೇ ಇಲ್ಲ, ಮೀಟರ್ ಮಾತ್ರ ಓಡುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಮುಚ್ಚಳ ಮಾತ್ರ ತೆಗೆಯಬೇಡಿ. ಬಂದ ಮೇಲೆ ಮುಂದುವರಿಸಿ. ಇಂಥ ಹೊತ್ತಿಗೆ ಡಿಗ್ರಿ ತೋರಿಸುವ ಮೀಟರಿಗಿಂತ ಭಟ್ಟಿಯೊಳಗೆ ಇಡುವ ಕೋನ್ ನಂಬಿಕಸ್ಥ. ಆ ಸಣ್ಣ ಶಂಕು ಬಿಸಿ ಮತ್ತು ಹೊತ್ತು ಎರಡನ್ನೂ ಲೆಕ್ಕ ಹಾಕಿ ಬಾಗುತ್ತದೆ. 06 ನಂಬರಿನದು ಸುಮಾರು 1000 ಡಿಗ್ರಿಗೆ, 04 ಸುಮಾರು 1060ಕ್ಕೆ.

100 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ತೆರೆಯಬೇಡಿ. ತೆರೆದ ಮೇಲೆ ಟಿಂಗ್ ಟಿಂಗ್ ಅಂತ ಸಣ್ಣ ಸದ್ದು ಕೇಳಿದರೆ ಕೇಳಲು ಹಿತ, ಆದರೆ ಅದು ಗಾಜು ಜೇಡರ ಬಲೆಯಂತೆ ಬಿರಿಯುವ ಸದ್ದು. ಮಣ್ಣಿಗಿಂತ ಗಾಜು ಜಾಸ್ತಿ ಕುಗ್ಗಿದೆ ಅಂತ ಅರ್ಥ. ಸಿಲಿಕಾ ಸ್ವಲ್ಪ ಹೆಚ್ಚಿಸಿದರೆ ಕಡಿಮೆಯಾಗುತ್ತದೆ. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಮುಂದಿನ ಸಲ ಬಿಸ್ಕ್ ಸ್ವಲ್ಪ ಮೇಲಕ್ಕೆ ಸುಡಿ, ಕೊನೆಯಲ್ಲಿ ನಿಲ್ಲಿಸುವ ಹೊತ್ತು ಹೆಚ್ಚಿಸಿ. ಗ್ಲೇಜ್ ಹರಿದು ತಳಕ್ಕೆ ಬಂದಿದ್ದರೆ ದಪ್ಪ ಕಡಿಮೆ ಮಾಡಿ, ಅಷ್ಟೇ.

ಊಟದ ಪಾತ್ರೆಯಾದರೆ ಒಂದು ಪರೀಕ್ಷೆ: ಲಿಂಬೆ ಹೋಳು ಗ್ಲೇಜಿನ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಣ್ಣ ಮಾಸಿದ್ದರೆ, ಹೊಳಪು ಹೋಗಿದ್ದರೆ ಅದು ಹೂದಾನಿಗೆ ಸರಿ, ಊಟಕ್ಕಲ್ಲ. ಪರೀಕ್ಷೆ ಗೆದ್ದರೂ ತಾಮ್ರದ ಹಸಿರು ಇರುವ ಭರಣಿಯಲ್ಲಿ ನಾನು ಉಪ್ಪಿನಕಾಯಿ ಇಡುವುದಿಲ್ಲ. ಊಟದ ಪಾತ್ರೆ ಅಂತ ಹೇಳಿ ಮಾರುವವರು ಲ್ಯಾಬಿನಲ್ಲಿ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಲೇಬೇಕು.

ಈಗ ಫೋಟೋ

ಭಟ್ಟಿ ರಾತ್ರಿ ತೆರೆದರೆ ಫೋಟೋ ಬೆಳಿಗ್ಗೆಗೆ ಇಡಿ. ತಡೆಯಲಾಗುವುದಿಲ್ಲ, ಗೊತ್ತು. ಆದರೂ ಇಡಿ.

ಗಾಜಿನ ಮೇಲೆ ಸುತ್ತಲಿನದೆಲ್ಲ ಮೂಡುತ್ತದೆ: ಟ್ಯೂಬ್‌ಲೈಟು, ಕಿಟಕಿಯ ಸರಳು, ನಿಮ್ಮ ಅಂಗಿಯ ಬಣ್ಣ, ಫೋನು ಹಿಡಿದ ಕೈ. ಪ್ರತಿಬಿಂಬವನ್ನು ಪೂರ್ತಿ ಅಳಿಸಲು ಹೋಗಬೇಡಿ. ಅಳಿಸಿದರೆ ಗ್ಲೇಜ್ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಒಂದೇ ಒಂದು ಮೆತ್ತನೆಯ, ಅಗಲವಾದ ಬೆಳಕಿನ ಗುರುತು ಉಳಿಸಿಕೊಳ್ಳಿ, ಉಳಿದದ್ದನ್ನು ತೆಗೆಯಿರಿ.

ಅದಕ್ಕೆ ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬೀಳುವುದು ಕಡಿಮೆ. ಬೇರೆ ದಿಕ್ಕಿನದಾದರೆ ಬಿಳಿ ಪಂಚೆ ಕಟ್ಟಿ. ಒಂದು ಪದರ ಸಾಲದಿದ್ದರೆ ಎರಡು. ಇಡೀ ಪಂಚೆಯೇ ದೀಪ ಆಗುತ್ತದೆ, ಸರಳಿನ ಗೆರೆ ಮಾಯವಾಗುತ್ತದೆ. ಕೋಣೆಯ ಎಲ್ಲ ಲೈಟು ಆರಿಸಿ. ಹಗಲು ಬೆಳಕು ನೀಲಿ ಕಡೆಗೆ, ಬಲ್ಬು ಹಳದಿ ಕಡೆಗೆ ಎಳೆದರೆ ಬಿಳಿ ಗ್ಲೇಜ್ ಒಂದೊಂದು ಮಗ್ಗುಲಿಗೆ ಒಂದೊಂದು ಬಣ್ಣ ಕಾಣುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಹೊತ್ತು ಸರಿ. ಆಮೇಲೆ ಅಂಗಳದ ಬಿಳಿ ಬೆಳಕು ಕಿಟಕಿಯೊಳಗೂ ನುಗ್ಗುತ್ತದೆ.

ಪಾತ್ರೆಯನ್ನು ಕಿಟಕಿಯ ಮಗ್ಗುಲಿಗೆ ಇಡಿ, ಎದುರಿಗಲ್ಲ. ಬೆಳಕು ಪಕ್ಕದಿಂದ ಬಂದರೆ ಉಬ್ಬು ತಗ್ಗು, ತಿಗರಿಯ ಮೇಲೆ ಬೆರಳು ಬಿಟ್ಟ ಗೆರೆ ಕಾಣುತ್ತವೆ. ಇನ್ನೊಂದು ಪಕ್ಕಕ್ಕೆ ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ.

ಕಪ್ಪು, ಕಡು ಕಂದು ಪಾತ್ರೆಗಳ ಕಥೆ ಬೇರೆ. ಬಿದರಿ ಹೂದಾನಿಯ ಫೋಟೋ ತೆಗೆದವರಿಗೆ ಇದು ಗೊತ್ತು. ಕರಿ ಮೈಯ ಮೇಲೆ ನೆರಳು ಕಾಣುವುದಿಲ್ಲ, ಅದರ ಆಕಾರ ಹೇಳುವುದು ಅಂಚಿನುದ್ದಕ್ಕೂ ಹರಿಯುವ ಬೆಳಕಿನ ಗೆರೆ ಮಾತ್ರ. ಅದಕ್ಕೆ ಎರಡೂ ಪಕ್ಕ ಬಿಳಿ ಹಲಗೆ ಇಡಿ, ಗೆರೆ ಮೂಡುವವರೆಗೆ ಸರಿಸುತ್ತಾ ಹೋಗಿ. ಬಿಳಿ ಪಾತ್ರೆಗೆ ಇದರ ಉಲ್ಟಾ: ಎರಡೂ ಪಕ್ಕ ಕರಿ ಚಾರ್ಟ್ ಪೇಪರ್ ಇಟ್ಟರೆ ಅಂಚು ಹಿನ್ನೆಲೆಯಿಂದ ಬೇರೆಯಾಗುತ್ತದೆ.

ಹಿನ್ನೆಲೆಗೆ ಸ್ಟೇಷನರಿ ಅಂಗಡಿಯ ದೊಡ್ಡ ಚಾರ್ಟ್ ಸಾಕು, ಗೋಡೆಯಿಂದ ಮೇಜಿನವರೆಗೆ ಮಡಿಕೆ ಬೀಳದಂತೆ ಬಾಗಿಸಿ ಅಂಟಿಸಿ. ನನ್ನ ಮೆಚ್ಚಿನದು ಪಾಲಿಶ್ ಮಾಡದ ಶಹಾಬಾದ್ ಫರ್ಸಿಯ ತುಂಡು. ಬೂದು ಬಣ್ಣ, ಒರಟು ಮೈ, ಹೊಳಪಿಲ್ಲ. ಅದರ ಮುಂದೆ ಗ್ಲೇಜಿನ ಹೊಳಪು ಎದ್ದು ಕಾಣುತ್ತದೆ. ಕಲ್ಲಿನ ಅಡ್ಡೆಯಲ್ಲಿ ಮುರಿದ ತುಂಡು ಕೇಳಿದರೆ ಪುಕ್ಕಟೆಯೂ ಸಿಕ್ಕೀತು. ಒಣ ಹುಲ್ಲು, ಕೃತಕ ಹೂ, ಮಣಿ ಸರ ಇವೆಲ್ಲ ಬೇಡ. ಇಡಲೇಬೇಕಿದ್ದರೆ ಆ ಪಾತ್ರೆಯಲ್ಲಿ ಇರಬೇಕಾದದ್ದೇ ಇಡಿ: ಬೋಗುಣಿಯಲ್ಲಿ ಶೇಂಗಾ ಹಿಂಡಿ, ಪಕ್ಕದಲ್ಲೊಂದು ಖಡಕ್ ರೊಟ್ಟಿ.

ಫೋನಿನ ಲೆನ್ಸ್ ಮೊದಲು ಒರೆಸಿ. ಅಗಲದ ಲೆನ್ಸ್‌ನಲ್ಲಿ ಹತ್ತಿರ ಹೋದರೆ ಕಪ್ಪಿನ ಹೊಟ್ಟೆ ಉಬ್ಬುತ್ತದೆ, ತಳ ಕುಗ್ಗುತ್ತದೆ. ಎರಡರಷ್ಟು ಜೂಮ್ ಇಟ್ಟು ಹಿಂದೆ ಸರಿಯಿರಿ. ಪಾತ್ರೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಬಿಳಿ ಪಾತ್ರೆಗೆ ಬೆಳಕು ಸ್ವಲ್ಪ ಏರಿಸಿ, ಕರಿ ಪಾತ್ರೆಗೆ ಇಳಿಸಿ. ಸುಮ್ನೆ ಬಿಟ್ಟರೆ ಫೋನು ಎರಡನ್ನೂ ಬೂದು ಮಾಡುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಇಟ್ಟಂಗಿ ಸಾಕು, ಎರಡು ಸೆಕೆಂಡಿನ ಟೈಮರ್ ಹಾಕಿ. ಬೇರೆ ಕ್ಯಾಮೆರಾ ಇದ್ದವರು ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್8ರಿಂದ ಎಫ್11 ಇಟ್ಟುಕೊಳ್ಳಿ, ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ ಸ್ಪಷ್ಟ ಬರುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರ್ ತಿರುಗಿಸಿದರೆ ಹೊಳಪು ತಗ್ಗಿ ಒಳಗಿನ ಬಣ್ಣ ಮೇಲೆ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿ.

ಒಂದು ಪಾತ್ರೆಗೆ ಐದು ಫೋಟೋ ತೆಗೆಯುತ್ತೇನೆ. ಬಾಯಿಯ ದುಂಡು ಸ್ವಲ್ಪ ಕಾಣುವಂತೆ ಮೇಲಿನಿಂದ ಒಂದು. ಪಾತ್ರೆಯ ಮಟ್ಟಕ್ಕೆ ಕೂತು ನೇರಕ್ಕೆ ಒಂದು. ಒಳಭಾಗ ಒಂದು. ಕೈಯಲ್ಲಿ ಹಿಡಿದದ್ದು ಒಂದು, ಅಳತೆ ತಿಳಿಯಲು. ಕೊನೆಯದು ತಳದ್ದು. ಕೊಳ್ಳುವವರಲ್ಲಿ ತಿಳಿದವರು ಮೊದಲು ನೋಡುವುದು ತಳವನ್ನೇ: ಗ್ಲೇಜ್ ಎಲ್ಲಿ ನಿಂತಿದೆ, ಒರೆಸಿದ್ದು ಸ್ವಚ್ಛ ಇದೆಯೇ, ಮೇಜಿಗೆ ಗೀರು ಬೀಳುತ್ತದೆಯೇ ಅಂತ.

ಬಣ್ಣ ತಿದ್ದುವಾಗ ಪಾತ್ರೆಯನ್ನು ಅದೇ ಕಿಟಕಿಯ ಹತ್ತಿರ ಪಕ್ಕದಲ್ಲೇ ಇಟ್ಟುಕೊಳ್ಳಿ. ಫೋನುಗಳು ಕೋಬಾಲ್ಟ್ ನೀಲಿಯನ್ನು ಸುಮ್ಮನೆ ಜೋರು ಮಾಡುತ್ತವೆ, ತಾಮ್ರದ ಹಸಿರನ್ನು ನೀಲಿಗೆ ತಳ್ಳುತ್ತವೆ. ಬಣ್ಣದ ತೀವ್ರತೆ ಒಂದೆರಡು ಗೆರೆ ಇಳಿಸಿದರೆ ಹತ್ತಿರ ಬರುತ್ತದೆ. ಫಿಲ್ಟರ್ ಹಾಕಿದ ಫೋಟೋ ನೋಡಿ ಕೊಂಡವರು ಪಾರ್ಸೆಲ್ ಬಿಚ್ಚಿ ವಾಪಸ್ ಕಳಿಸುತ್ತಾರೆ. ಬರುವ ದಾರಿಯಲ್ಲಿ ಅದು ಒಡೆದಿರುತ್ತದೆ.

ಫೋಟೋದ ಕೆಳಗೆ ಎತ್ತರ, ಅಗಲ ಸೆಂಟಿಮೀಟರಿನಲ್ಲಿ, ಎಷ್ಟು ಮಿಲಿ ಹಿಡಿಯುತ್ತದೆ, ಊಟಕ್ಕೋ ಅಲಂಕಾರಕ್ಕೋ, ಗ್ಲೇಜಿನ ಪಟ್ಟಿಯ ನಂಬರ್ ಯಾವುದು ಅಂತ ಬರೆಯಿರಿ. ಬಲೆಯಂಥ ಬಿರುಕು ಇದ್ದರೆ ಅದನ್ನೂ ಹತ್ತಿರದಿಂದ ತೆಗೆದು ಹಾಕಿ, ಬೆಲೆ ಇಳಿಸಿ. ಅಂಥ ಕಪ್ಪಿನಲ್ಲಿ ಚಹಾ ಕುಡಿದರೆ ಒಂದು ತಿಂಗಳಿಗೆ ಗೆರೆಗಳು ಕಂದು ಬಣ್ಣಕ್ಕೆ ತಿರುಗುತ್ತವೆ ಅಂತಲೂ ಹೇಳಿಬಿಡಿ.